ಬಂದೂಕಿನ ಹಿನ್ನೂಕು ಮತ್ತು ಮಝಲ್ ಬ್ರೇಕ್: ಒಂದು ತೌಲನಿಕ ಇತಿಹಾಸ

ಬಂದೂಕನ್ನು ಒಮ್ಮೆಯಾದರೂ ಹಾರಿಸಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಗುಂಡು ಮುಂದಕ್ಕೆ ಹಾರಿದ ಕ್ಷಣದಲ್ಲಿಯೇ ಬಂದೂಕು ಹಿಂದಕ್ಕೆ ಒದೆಯುತ್ತದೆ. ಈ ಒದೆತವನ್ನು ಪ್ರಸ್ತುತ ಲೇಖನದಲ್ಲಿ ‘ಹಿನ್ನೂಕು’ ಎಂದು ಕರೆಯಲಾಗಿದೆ. ಇದನ್ನು ತಗ್ಗಿಸುವುದಕ್ಕಾಗಿ ನಳಿಗೆಯ ಬಾಯಿಗೆ ಜೋಡಿಸುವ, ಪಕ್ಕಗಳಲ್ಲಿ ರಂಧ್ರಗಳುಳ್ಳ ಲೋಹದ ಸಾಧನಕ್ಕೆ ಮಝಲ್ ಬ್ರೇಕ್ ಎಂದು ಹೆಸರು. ಗುಂಡಿನ ಬೆನ್ನಹಿಂದೆಯೇ ಧಾವಿಸಿ ಬರುವ ಅನಿಲವನ್ನು ಇದು ಪಕ್ಕಕ್ಕೋ ಹಿಂದಕ್ಕೋ ತಿರುಗಿಸುತ್ತದೆ. ಹಾಗೆ ತಿರುಗುವಾಗ ಅನಿಲವು ಸಾಧನದ ಮುಂಗೋಡೆಯನ್ನು ಒತ್ತುವುದರಿಂದ ಬಂದೂಕು ಮುಂದಕ್ಕೆ ಎಳೆಯಲ್ಪಟ್ಟಂತಾಗಿ ಹಿನ್ನೂಕು ಕಡಿಮೆಯಾಗುತ್ತದೆ.

ಈ ಸಾಧನದ ಇತಿಹಾಸದಲ್ಲಿ ವಿಚಾರಕ್ಕೆ ಅರ್ಹವಾದ ಎರಡು ಪ್ರಶ್ನೆಗಳಿವೆ. ಇದರ ಮೂಲಕಲ್ಪನೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಫ್ರಾನ್ಸಿನಲ್ಲಿ ಹುಟ್ಟಿದ್ದರೂ, ಹೆಗಲಿಗೆ ಆನಿಸಿ ಹಾರಿಸುವ ರೈಫಲ್ಲಿಗೆ ಅದು ಬಂದು ಸೇರಲು 1930ರ ದಶಕದವರೆಗೆ ಕಾಯಬೇಕಾಯಿತೇಕೆ ಎಂಬುದು ಮೊದಲನೆಯದು. ಒಂದು ಬ್ರೇಕು ಹಿನ್ನೂಕನ್ನು ಶೇಕಡಾ ಇಷ್ಟು ತಗ್ಗಿಸುತ್ತದೆ, ಮತ್ತೊಂದು ಇಷ್ಟು ತಗ್ಗಿಸುತ್ತದೆ ಎಂದು ಆಯುಧಗಳ ವಿವರಣೆಗಳಲ್ಲಿ ಕಾಣುವ ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ತೂಗಬಹುದೇ ಎಂಬುದು ಎರಡನೆಯದು. ಇವು ಬೇರೆ ಬೇರೆ ಪ್ರಶ್ನೆಗಳಂತೆ ತೋರಿದರೂ ಎರಡಕ್ಕೂ ಉತ್ತರ ಒಂದೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಆ ಉತ್ತರವು ಅಡಗಿರುವುದು ಗುಂಡಿಗೂ ಅದನ್ನು ತಳ್ಳುವ ಮದ್ದಿಗೂ ಇರುವ ತೂಕದ ಪ್ರಮಾಣದಲ್ಲಿ.

ಹಿನ್ನೂಕನ್ನು ಅಳೆದವರು

ಪ್ರತಿಯೊಂದು ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಉಂಟೆಂಬ ನಿಯಮವನ್ನು ನ್ಯೂಟನ್ 1687ರಲ್ಲಿ ಪ್ರಕಟಿಸಿದನು. ಆದರೆ ನಿಯಮವನ್ನು ತಿಳಿಯುವುದು ಬೇರೆ, ಕಣ್ಣೆವೆ ಮುಚ್ಚುವಷ್ಟರಲ್ಲಿ ನಡೆದುಹೋಗುವ ಕ್ರಿಯೆಯನ್ನು ಅಳೆಯುವುದು ಬೇರೆ. ಈ ಕೆಲಸವನ್ನು ಶಾಸ್ತ್ರೀಯವಾಗಿ ಆರಂಭಿಸಿದ ಕೀರ್ತಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನಿಗೆ ಸಲ್ಲುತ್ತದೆ. 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಗುಂಡಿನ ಲೋಲಕವನ್ನು ವಿವರಿಸಿದನು. ತೂಗುಹಾಕಿದ ಭಾರವಾದ ಹಲಗೆಗೆ ಗುಂಡು ಬಡಿದಾಗ ಹಲಗೆ ಎಷ್ಟು ದೂರ ತೂಗುತ್ತದೆಂಬುದನ್ನು ನೋಡಿ ಗುಂಡಿನ ವೇಗವನ್ನು ಲೆಕ್ಕ ಹಾಕುವುದು ಇದರ ಕ್ರಮ. ಅವನು ಅಷ್ಟಕ್ಕೇ ನಿಲ್ಲದೆ ಬಂದೂಕಿನ ನಳಿಗೆಯನ್ನೇ ಲೋಲಕಕ್ಕೆ ಕಟ್ಟಿ, ಅದು ಹಿಂದಕ್ಕೆ ತೂಗುವ ಪ್ರಮಾಣವನ್ನೂ ನೋಡಿದನು. ಗುಂಡಿಲ್ಲದೆ ಬರಿಯ ಮದ್ದನ್ನು ಸಿಡಿಸಿದಾಗಲೂ ನಳಿಗೆ ಹಿಂದಕ್ಕೆ ಸರಿಯುತ್ತಿತ್ತು. ಮದ್ದಿನ ಅನಿಲವೇ ಹಿನ್ನೂಕಿನ ಒಂದು ಕಾರಣವೆಂಬ ಮಾತು ಇಲ್ಲಿಗೆ ಸ್ಪಷ್ಟವಾಯಿತು. ಜರ್ಮನ್ ಭಾಷೆಗೆ ಈ ಗ್ರಂಥವನ್ನು 1745ರಲ್ಲಿ ತಂದವನು ಗಣಿತಜ್ಞ ಆಯ್ಲರ್ ಎಂಬುದರಿಂದ ಅದರ ಗೌರವವನ್ನು ಊಹಿಸಬಹುದು. ರಾಬಿನ್ಸನ ಕೊನೆಯ ದಿನಗಳು ಕಳೆದದ್ದು ನಮ್ಮ ದಕ್ಷಿಣದೇಶದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಇಂಜಿನಿಯರನಾಗಿ 1750ರಲ್ಲಿ ಬಂದ ಅವನು, ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರಕ್ಕೆ ತುತ್ತಾದನು.

ರಾಬಿನ್ಸನ ದಾರಿಯಲ್ಲಿ ಮುಂದುವರಿದವರು ಇಬ್ಬರು. ಮುಂದೆ ಕೌಂಟ್ ರಮ್‌ಫರ್ಡ್ ಎಂದು ಪ್ರಸಿದ್ಧನಾದ ಬೆಂಜಮಿನ್ ಥಾಂಪ್ಸನ್, 1781ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೂಗುಹಾಕಿದ ಬಂದೂಕಿನ ಪ್ರಯೋಗಗಳನ್ನು ವಿವರಿಸಿದನು. ಗುಂಡು ತುಂಬಿ ಹಾರಿಸಿದಾಗಿನ ಹಿನ್ನೂಕಿನಿಂದ ಬರಿಯ ಮದ್ದಿನ ಹಿನ್ನೂಕನ್ನು ಕಳೆದರೆ ಉಳಿಯುವುದೇ ಗುಂಡಿನ ಪಾಲು ಎಂಬುದು ಅವನ ಎಣಿಕೆ. ವುಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಹಟನ್, 1780ರ ದಶಕದಲ್ಲಿ ಸಣ್ಣ ಫಿರಂಗಿಗಳನ್ನೇ ತೂಗುಹಾಕಿ ಪರೀಕ್ಷಿಸಿ, ಮದ್ದಿನ ಎಲ್ಲ ಪ್ರಮಾಣಗಳಿಗೂ ಈ ಎಣಿಕೆ ಹೊಂದುವುದಿಲ್ಲವೆಂದು ಕಂಡನು. ಇದರ ಕಾರಣ ಈಗ ಸುಲಭವಾಗಿ ತಿಳಿಯುತ್ತದೆ. ಎದುರಿಗೆ ಗುಂಡು ಅಡ್ಡವಿರುವಾಗ ಅನಿಲವು ಒತ್ತಡದಲ್ಲಿ ಸಿಲುಕಿ, ಗುಂಡು ಹೊರಬಿದ್ದೊಡನೆಯೇ ಭೋರೆಂದು ಚಿಮ್ಮುತ್ತದೆ; ಅಡ್ಡವಿಲ್ಲದಿರುವಾಗ ಅದರ ನಡವಳಿಕೆಯೇ ಬೇರೆ. ಗುಂಡಿನ ಪಾಲು ಮತ್ತು ಅನಿಲದ ಪಾಲು ಎಂಬ ವಿಂಗಡಣೆ ಸರಿಯಾದುದೇ. ಆದರೆ ಅನಿಲದ ಪಾಲನ್ನು ಪ್ರತ್ಯೇಕವಾಗಿ ಅಳೆಯುವುದು ಸುಲಭವಲ್ಲ. ಮಝಲ್ ಬ್ರೇಕುಗಳ ವಿಚಾರದಲ್ಲಿ ಇಂದಿಗೂ ನಡೆಯುವ ವಾದವಿವಾದಗಳ ಬೀಜ ಈ ಹದಿನೆಂಟನೆಯ ಶತಮಾನದ ಪ್ರಯೋಗಗಳಲ್ಲಿಯೇ ಇದೆ.

ಹಿನ್ನೂಕಿಲ್ಲದ ಆಯುಧ

ಫಿರಂಗಿಗಳ ಹಿನ್ನೂಕನ್ನು ಹಟನ್ ಅಳೆಯುತ್ತಿದ್ದ ಕಾಲದಲ್ಲಿಯೇ ಹಿನ್ನೂಕೆಂಬುದೇ ಇಲ್ಲದ ಆಯುಧವೊಂದು ಮೈಸೂರಿನ ಸೈನ್ಯದಲ್ಲಿ ಬಳಕೆಯಲ್ಲಿತ್ತು. ಹೈದರಾಲಿ, ಟೀಪೂ ಸುಲ್ತಾನರ ಕಾಲದ ಕಬ್ಬಿಣದ ಕೊಳವೆಯ ಬಾಣಗಳ ಪೆಟ್ಟನ್ನು ಕಂಪನಿಯ ಸೈನ್ಯ 1780ರ ಪೊಲ್ಲಿಲೂರು ಕಾಳಗದಲ್ಲಿ ಅನುಭವಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿಗೆ ಸಾಗಿದವು. ಅವುಗಳಿಂದ ಪ್ರೇರಣೆ ಪಡೆದ ವಿಲಿಯಂ ಕಾಂಗ್ರೀವ್ ಅದೇ ವುಲಿಚ್‌ನಲ್ಲಿ ತನ್ನ ಬಾಣಗಳನ್ನು ರೂಪಿಸಿದನು. ಬಾಣವು ತನ್ನನ್ನು ಹಾರಿಸುವ ನೆಲೆಯ ಮೇಲೆ ಪ್ರತಿಕ್ರಿಯೆಯನ್ನು ತೋರುವುದಿಲ್ಲ, ಆದುದರಿಂದ ಫಿರಂಗಿಯ ಒದೆತವನ್ನು ತಾಳಲಾರದ ಸಣ್ಣ ದೋಣಿಯಿಂದಲೂ ಅದನ್ನು ಪ್ರಯೋಗಿಸಬಹುದು ಎಂಬುದು ಅವನ ಮುಖ್ಯ ವಾದಗಳಲ್ಲೊಂದು. 1806ರಲ್ಲಿ ಬೂಲೋನ್ ಬಂದರಿನ ಮೇಲೆ ಇವುಗಳ ಪ್ರಯೋಗ ನಡೆದದ್ದು ದೋಣಿಗಳಿಂದಲೇ.

ಬಾಣದಲ್ಲಿ ಹಿನ್ನೂಕು ಕಾಣದಿರುವುದಕ್ಕೆ ನ್ಯೂಟನ್ನನ ನಿಯಮ ಅಲ್ಲಿ ತಪ್ಪಿದೆಯೆಂದು ಅರ್ಥವಲ್ಲ. ಬಾಣವು ಮುಂದಕ್ಕೆ ಪಡೆಯುವ ಸಂವೇಗದಷ್ಟನ್ನೇ ಅನಿಲವು ಹಿಂದಕ್ಕೆ ಹೊತ್ತೊಯ್ಯುತ್ತದೆ. ನಡುವೆ ಮನುಷ್ಯನ ಹೆಗಲಾಗಲಿ ದೋಣಿಯ ಅಟ್ಟವಾಗಲಿ ಸಿಕ್ಕಿಕೊಳ್ಳುವುದಿಲ್ಲ, ಅಷ್ಟೆ. ಬಂದೂಕಿನಲ್ಲಿ ಗುಂಡೂ ಅನಿಲವೂ ಎರಡೂ ಮುಂದಕ್ಕೇ ಹೋಗುವುದರಿಂದ ಎರಡರ ಋಣವೂ ಹೆಗಲಿನ ಮೇಲೆ ಬೀಳುತ್ತದೆ. ಅನಿಲದ ಒಂದಂಶವನ್ನಾದರೂ ಬಾಣದಲ್ಲಿರುವಂತೆ ಬೇರೆ ದಿಕ್ಕಿಗೆ ಹೊರಳಿಸಿದರೆ ಅಷ್ಟರಮಟ್ಟಿಗೆ ಹೆಗಲು ಹಗುರವಾಗುತ್ತದೆ. ತತ್ತ್ವದ ದೃಷ್ಟಿಯಿಂದ ಮಝಲ್ ಬ್ರೇಕೆಂದರೆ ಬಂದೂಕಿನ ಬಾಯಿಗೆ ಬಾಣದ ಗುಣವನ್ನು ತುಸುಮಟ್ಟಿಗೆ ಅಂಟಿಸುವ ಯತ್ನ.

ಗುಂಡಿನ ಪಾಲು, ಅನಿಲದ ಪಾಲು

ಮುಂದಿನ ವಿವೇಚನೆಗಾಗಿ ಇಲ್ಲಿ ಒಂದು ಲೆಕ್ಕವನ್ನು ಮಾಡಿಕೊಳ್ಳುವುದು ಅವಶ್ಯಕ. ನಮ್ಮ ದೇಶದ ಸೈನಿಕರೂ ಪೊಲೀಸರೂ ಎನ್.ಸಿ.ಸಿ. ವಿದ್ಯಾರ್ಥಿಗಳೂ ದಶಕಗಳ ಕಾಲ ಬಳಸಿದ .303 ರೈಫಲ್ಲನ್ನು ತೆಗೆದುಕೊಳ್ಳೋಣ. ಇದರ ಗುಂಡಿನ ತೂಕ ಸುಮಾರು 11.3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 744 ಮೀಟರ್; ಆದುದರಿಂದ ಗುಂಡಿನ ಸಂವೇಗ ಸುಮಾರು 8.4 ನ್ಯೂಟನ್-ಸೆಕೆಂಡು. ಮದ್ದಿನ ತೂಕ ಸುಮಾರು 2.4 ಗ್ರಾಂ. ಮದ್ದೆಲ್ಲವೂ ಅನಿಲವಾಗಿ ಸರಾಸರಿ ಸೆಕೆಂಡಿಗೆ 1,400 ಮೀಟರ್ ವೇಗದಿಂದ ಹೊರಬೀಳುತ್ತದೆಂದು ಸ್ಥೂಲವಾಗಿ ಹಿಡಿದರೆ ಅನಿಲದ ಸಂವೇಗ ಸುಮಾರು 3.4 ಆಗುತ್ತದೆ. ಒಟ್ಟು 11.8. ರೈಫಲ್ಲಿನ ತೂಕ 4 ಕಿಲೋಗ್ರಾಂ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಿಂದ ಹಿಂದಕ್ಕೆ ಬರುತ್ತದೆ. ಅದರ ಚಲನಶಕ್ತಿ ಸುಮಾರು 17 ಜೂಲ್.

ಈ ಲೆಕ್ಕದಿಂದ ಎರಡು ವಿಷಯಗಳು ಹೊರಪಡುತ್ತವೆ. ಮೊದಲನೆಯದಾಗಿ, ಗುಂಡಿನ ಪಾಲಾದ 8.4ನ್ನು ಯಾವ ಮಝಲ್ ಬ್ರೇಕೂ ಮುಟ್ಟಲಾರದು. ಗುಂಡನ್ನು ಮುಂದಕ್ಕೆ ಕಳಿಸಿದ ಮೇಲೆ ಅದರ ಋಣ ತೀರಲೇಬೇಕು. ಬ್ರೇಕಿನ ಅಧಿಕಾರವೇನಿದ್ದರೂ ಅನಿಲದ ಪಾಲಿನ ಮೇಲೆ. ಎರಡನೆಯದಾಗಿ, ಈ ಪಾಲು .303ರಲ್ಲಿ ಒಟ್ಟು ಸಂವೇಗದ ಶೇಕಡಾ 29ರಷ್ಟು ಮಾತ್ರ. ಅನಿಲದ ಮುನ್ನಡೆಯನ್ನೆಲ್ಲ ನಿಲ್ಲಿಸಿ ಅದನ್ನು ನೇರವಾಗಿ ಪಕ್ಕಕ್ಕೆ ಬಿಡುವ, ಎಳ್ಳಷ್ಟೂ ಕೊರತೆಯಿಲ್ಲದ ಬ್ರೇಕನ್ನು ಕಲ್ಪಿಸಿಕೊಂಡರೂ ಸಂವೇಗದಲ್ಲಿ ಅಷ್ಟೇ ಉಳಿತಾಯ. ಅದಕ್ಕೂ ಮಿಗಿಲಾದ ಉಳಿತಾಯ ಬೇಕಿದ್ದರೆ ಅನಿಲವನ್ನು ಹಿಂದಕ್ಕೆ, ಎಂದರೆ ಹಾರಿಸುವವನ ಮುಖದ ಕಡೆಗೆ, ತಿರುಗಿಸಬೇಕಾಗುತ್ತದೆ.

ಮೂರು ದಾರಿಗಳು

ಹಿನ್ನೂಕನ್ನು ಸಹ್ಯಗೊಳಿಸಲು ಇತಿಹಾಸದಲ್ಲಿ ಮೂರು ದಾರಿಗಳು ಕಂಡುಬರುತ್ತವೆ. ಆಯುಧದ ತೂಕವನ್ನು ಹೆಚ್ಚಿಸಿ ಹಿನ್ನಡೆಯ ವೇಗವನ್ನು ತಗ್ಗಿಸುವುದು ಮೊದಲನೆಯದು. ನಳಿಗೆ ಹಿಂದಕ್ಕೆ ಜಾರಲು ಎಡೆಗೊಟ್ಟು, ಸ್ಪ್ರಿಂಗ್, ಎಣ್ಣೆ ಅಥವಾ ಗಾಳಿಯ ಸಹಾಯದಿಂದ ಅದೇ ಸಂವೇಗವನ್ನು ಹೆಚ್ಚು ಕಾಲದಲ್ಲಿ ಹಂಚುವುದು ಎರಡನೆಯದು. ಅನಿಲವನ್ನು ಹೊರಳಿಸುವುದು ಮೂರನೆಯದು. ಮೊದಲ ಎರಡರಲ್ಲಿ ಸಂವೇಗ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಸಂವೇಗವನ್ನೇ ಕಡಿಮೆ ಮಾಡುವುದು ಮೂರನೆಯದೊಂದೇ.

ಮೂರನೆಯ ದಾರಿಯನ್ನು ಮೊದಲು ಹಿಡಿದವರಲ್ಲಿ ಫ್ರೆಂಚ್ ಫಿರಂಗಿದಳದ ಅಧಿಕಾರಿ ತ್ರೆಯಿ ದ ಬೊಲಿಯೂ ಮುಖ್ಯನು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅವನು ಫಿರಂಗಿಯ ನಳಿಗೆಯ ಬಾಯಿಯ ಬಳಿ ಹಿಂದಕ್ಕೆ ಓರೆಯಾಗಿ ರಂಧ್ರಗಳನ್ನು ಕೊರೆಸಿ ಪರೀಕ್ಷೆಗಳನ್ನು ನಡೆಸಿದನು. ಹಿನ್ನೂಕು ಕಡಿಮೆಯಾದುದು ಕಂಡುಬಂದರೂ ಈ ಉಪಾಯವು ನೆಲೆಗೊಳ್ಳಲಿಲ್ಲ. ಫಿರಂಗಿಗಳಲ್ಲಿ ಗೆದ್ದುದು ಎರಡನೆಯ ದಾರಿ. 1897ರ ಫ್ರೆಂಚ್ 75 ಮಿಲಿಮೀಟರ್ ಫಿರಂಗಿಯಲ್ಲಿ ನಳಿಗೆಯು ಎಣ್ಣೆ ಮತ್ತು ಗಾಳಿಯ ತಡೆಯ ಮೇಲೆ ಹಿಂದಕ್ಕೆ ಜಾರಿ ತಾನಾಗಿ ಸ್ವಸ್ಥಾನಕ್ಕೆ ಮರಳುತ್ತಿತ್ತು. ಅದಕ್ಕೆ ಮುಂಚೆ ಪ್ರತಿ ಹೊಡೆತಕ್ಕೂ ಗಾಡಿಸಹಿತ ಹಿಂದಕ್ಕೆ ಉರುಳುತ್ತಿದ್ದ ಫಿರಂಗಿಯನ್ನು ಮತ್ತೆ ತಳ್ಳಿ ಗುರಿಗೆ ಸರಿಪಡಿಸಬೇಕಾಗಿತ್ತು. ಈ ಏರ್ಪಾಡು ಇಷ್ಟು ಪರಿಣಾಮಕಾರಿಯಾದ ಮೇಲೆ ನಳಿಗೆಯ ಬಾಯಿಯ ರಂಧ್ರಗಳನ್ನು ಬಹುಕಾಲ ಯಾರೂ ಅವಶ್ಯಕವೆಂದು ಭಾವಿಸಲಿಲ್ಲ.

ರೈಫಲ್ಲಿನ ವಿಷಯ ಬೇರೆ. ಸೈನಿಕನು ಹೊತ್ತು ನಡೆಯುವ ಆಯುಧದಲ್ಲಿ ತೂಕಕ್ಕೂ ಎಡೆಯಿಲ್ಲ, ಎಣ್ಣೆಯ ಕೊಳವೆಗೂ ಎಡೆಯಿಲ್ಲ. ಹಾಗಿದ್ದರೆ ಮೂರನೆಯ ದಾರಿಯನ್ನೇಕೆ ಹಿಡಿಯಲಿಲ್ಲ? 1871ರಲ್ಲಿ ಬ್ರಿಟಿಷ್ ಸೈನ್ಯ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲ್ಲನ್ನು ನೋಡಿದರೆ ಉತ್ತರ ದೊರೆಯುತ್ತದೆ. ಹಿನ್ನೂಕಿನ ಬಿರುಸಿಗೆ ಅದು ಕುಖ್ಯಾತವಾಗಿತ್ತು. ಅದರ ಗುಂಡಿನ ತೂಕ ಸುಮಾರು 31 ಗ್ರಾಂ. ಕರಿಮದ್ದಿನ ತೂಕ ಸುಮಾರು 5.5 ಗ್ರಾಂ. ಎಂದರೆ ಗುಂಡಿನ ತೂಕದ ಆರರಲ್ಲೊಂದು ಪಾಲಿಗೆ ತುಸು ಹೆಚ್ಚು ಮಾತ್ರ ಮದ್ದು. ಅದರಲ್ಲಿಯೂ ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯ ಕಣಗಳಾಗಿ, ಮಸಿಯಾಗಿ ಉಳಿಯುತ್ತದೆ. ಹೊರಳಿಸಲು ಸಿಕ್ಕುವ ಅನಿಲ ಅಲ್ಪ, ರಂಧ್ರಗಳನ್ನು ಕಟ್ಟಿಹಾಕುವ ಮಸಿ ಅಪಾರ. ಹೀಗಿರುವಾಗ ಮಝಲ್ ಬ್ರೇಕಿನಿಂದ ಹೆಚ್ಚಿನ ಲಾಭವಾಗುವ ಸಂಭವವೇ ಇರಲಿಲ್ಲ.

ಫ್ರಾನ್ಸಿನ ಪಾಲ್ ವಿಯೇ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. 1886ರ ಲೆಬೆಲ್ ರೈಫಲ್ಲಿನಿಂದ ಮೊದಲುಗೊಂಡು ಎಲ್ಲ ದೇಶಗಳ ರೈಫಲ್ಲುಗಳೂ ಕೆಲವೇ ವರ್ಷಗಳಲ್ಲಿ ಮಾರ್ಪಾಡಾದುವು. ಮಸಿಯ ತೊಡಕು ನೀಗಿತು, ಮದ್ದಿನ ಪ್ರಮಾಣ.303ರಲ್ಲಿ ಗುಂಡಿನ ಐದರಲ್ಲೊಂದು ಪಾಲಿಗೆ ಏರಿತು. ಆದರೆ ಗುಂಡುಗಳು ಸಣ್ಣವಾಗಿ ಹಗುರವಾದುದರಿಂದ ಒಟ್ಟು ಹಿನ್ನೂಕು ಮೊದಲಿಗಿಂತ ಇಳಿಯಿತು. ಬ್ರೇಕು ಸಾಧ್ಯವಾದ ಹೊತ್ತಿನಲ್ಲಿ ಅದು ಬೇಡವಾಗಿತ್ತು.

ಟ್ಯಾಂಕು ತಂದ ಬದಲಾವಣೆ

ಈ ಸ್ಥಿತಿಯನ್ನು ಕದಡಿದ್ದು ಟ್ಯಾಂಕು. 1916ರ ಸೆಪ್ಟೆಂಬರ್ 15ರಂದು ಸೊಮ್ ರಣರಂಗದಲ್ಲಿ ಬ್ರಿಟಿಷರು ಟ್ಯಾಂಕುಗಳನ್ನು ಮೊದಲ ಬಾರಿಗೆ ಇಳಿಸಿದರು. ಕಾಲಾಳಿನ ಕೈಗೆ ಅವುಗಳ ಉಕ್ಕನ್ನು ತೂರಬಲ್ಲ ಆಯುಧವೊಂದನ್ನು ಕೊಡಬೇಕಾಗಿ ಬಂದಾಗ ಜರ್ಮನಿಯ ಮೌಸರ್ ಕಾರ್ಖಾನೆ 1918ರಲ್ಲಿ 13.2 ಮಿಲಿಮೀಟರ್ ರೈಫಲ್ಲನ್ನು ತಯಾರಿಸಿತು. ಅದರ ಗುಂಡಿನ ತೂಕ ಸುಮಾರು 51.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 785 ಮೀಟರ್, ಮದ್ದು ಸುಮಾರು 13 ಗ್ರಾಂ. ಹಿಂದಿನ ಕ್ರಮದಲ್ಲಿಯೇ ಲೆಕ್ಕ ಹಾಕಿದರೆ ಗುಂಡಿನ ಪಾಲು 40.4, ಅನಿಲದ ಪಾಲು 18.2, ಒಟ್ಟು 58.6 ನ್ಯೂಟನ್-ಸೆಕೆಂಡು. ಆಯುಧದ ತೂಕ ಸುಮಾರು 18 ಕಿಲೋಗ್ರಾಂ ಇದ್ದರೂ ಹಿನ್ನೂಕಿನ ಶಕ್ತಿ ಸುಮಾರು 95 ಜೂಲ್, ಎಂದರೆ .303ರ ಐದುಪಟ್ಟಿಗಿಂತ ಅಧಿಕ. ಇದಕ್ಕೆ ಬ್ರೇಕೂ ಇರಲಿಲ್ಲ, ಸ್ಪ್ರಿಂಗೂ ಇರಲಿಲ್ಲ. ಮೊದಲ ದಾರಿಯಾದ ತೂಕವೊಂದನ್ನೇ ನಂಬಿ ಮಾಡಿದ ಈ ಆಯುಧವನ್ನು ಹಾರಿಸಿದವರ ಹೆಗಲು, ಕುತ್ತಿಗೆಗಳು ಅನುಭವಿಸಿದ ಬೇನೆ ಆಯುಧಗಳ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಹೆಗಲಿನ ತಾಳ್ಮೆಗೆ ಒಂದು ಮಿತಿಯುಂಟೆಂಬುದನ್ನು ಈ ರೈಫಲ್ಲು ಸಿದ್ಧಪಡಿಸಿತು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ದಶಕದಲ್ಲಿ ಹೊರಬಂದ ಟ್ಯಾಂಕುನಿರೋಧಕ ರೈಫಲ್ಲುಗಳಲ್ಲಿ ಮಝಲ್ ಬ್ರೇಕು ಸಾಮಾನ್ಯ ಅಂಗವಾದುದು ಈ ಪಾಠದ ಫಲ. ಯೂಝೆಫ್ ಮಾರೊಶೆಕ್ ರೂಪಿಸಿ 1935ರಲ್ಲಿ ಪೋಲೆಂಡ್ ಸ್ವೀಕರಿಸಿದ ರೈಫಲ್ಲು ಸಾಮಾನ್ಯ ರೈಫಲ್ಲಿನ 7.92 ಮಿಲಿಮೀಟರ್ ಗಾತ್ರದ ಗುಂಡನ್ನೇ ಸೆಕೆಂಡಿಗೆ 1,200 ಮೀಟರಿಗಿಂತ ಹೆಚ್ಚಿನ ವೇಗದಿಂದ ಹಾರಿಸುತ್ತಿತ್ತು. ಇಂತಹ ವೇಗಕ್ಕೆ ಹಗುರವಾದ ಗುಂಡು, ಬಹಳ ಮದ್ದು ಬೇಕು. ಆದುದರಿಂದ ಅನಿಲದ ಪಾಲು ಇದರಲ್ಲಿ ದೊಡ್ಡದು, ಬ್ರೇಕಿಗೆ ಅನುಕೂಲವೂ ದೊಡ್ಡದು. ಸುಮಾರು 10 ಕಿಲೋಗ್ರಾಂ ತೂಕದ ಈ ರೈಫಲ್ಲನ್ನು ಒಬ್ಬನೇ ಸೈನಿಕ ಹೊತ್ತು ಹಾರಿಸಬಹುದಾಗಿದ್ದುದಕ್ಕೆ ಬ್ರೇಕು ಬಹುಮಟ್ಟಿಗೆ ಕಾರಣ. 1937ರಲ್ಲಿ ಬ್ರಿಟನ್ ಸ್ವೀಕರಿಸಿದ, ಕ್ಯಾಪ್ಟನ್ ಬಾಯ್ಸನ ಹೆಸರಿನ .55 ಅಂಗುಲದ ರೈಫಲ್ಲಿನ ಹಾದಿ ಇದಕ್ಕೆ ಭಿನ್ನ. ಅದರ ಮೊದಲ ಮಾದರಿಯ ಗುಂಡು ಸುಮಾರು 60 ಗ್ರಾಂ ತೂಗುತ್ತಿತ್ತು, ವೇಗ ಸೆಕೆಂಡಿಗೆ ಸುಮಾರು 747 ಮೀಟರ್. ಗುಂಡು ಭಾರವಾಗಿ ವೇಗ ಮಿತವಾದಾಗ ಹಿನ್ನೂಕಿನಲ್ಲಿ ಗುಂಡಿನ ಪಾಲೇ ಅಧಿಕ. ಆದಕಾರಣ ಬ್ರೇಕಿನೊಂದಿಗೆ ನಳಿಗೆ ಜಾರುವ ಸ್ಪ್ರಿಂಗಿನ ಏರ್ಪಾಡನ್ನೂ ಹೆಗಲಿಗೆ ಮೆತ್ತೆಯನ್ನೂ ಸುಮಾರು 16 ಕಿಲೋಗ್ರಾಂ ತೂಕವನ್ನೂ ಅದಕ್ಕೆ ಕೂಡಿಸಬೇಕಾಯಿತು. ಇಷ್ಟಾದರೂ ಸೈನಿಕರಿಗೆ ಅದು ಪ್ರಿಯವಾಗಲಿಲ್ಲ. ಮೊದಲ ಮಾದರಿಗಳಲ್ಲಿ ದುಂಡಗಿದ್ದ ಬ್ರೇಕು ಮುಂದಿನವುಗಳಲ್ಲಿ ಪಕ್ಕಗಳಲ್ಲಿ ಸಾಲುರಂಧ್ರಗಳುಳ್ಳ ಚಪ್ಪಟೆ ರೂಪವನ್ನು ತಾಳಿತು.

ಸೋವಿಯತ್ ರಷ್ಯ 1941ರಲ್ಲಿ ಸ್ವೀಕರಿಸಿದ ದೆಗ್ತ್ಯಾರೊವ್ ರೈಫಲ್ಲು ಇವೆಲ್ಲಕ್ಕೂ ಬಲವತ್ತರವಾದುದು. ಅದರ 14.5 ಮಿಲಿಮೀಟರ್ ಗುಂಡಿನ ತೂಕ ಸುಮಾರು 64 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 1,012 ಮೀಟರ್, ಮದ್ದು ಸುಮಾರು 30 ಗ್ರಾಂ. ಆಯುಧದ ತೂಕ 17.3 ಕಿಲೋಗ್ರಾಂ. ಮಾರ್ಟಿನಿ-ಹೆನ್ರಿಯಲ್ಲಿ ಗುಂಡಿನ ತೂಕದ ಶೇಕಡಾ 18ರಷ್ಟಿದ್ದ ಮದ್ದು .303ರಲ್ಲಿ 21, ಮೌಸರಿನಲ್ಲಿ 25 ಆಗಿ, ಇಲ್ಲಿ 47ಕ್ಕೆ ಮುಟ್ಟಿದೆ. ನಮ್ಮ ಮೊದಲನೆಯ ಪ್ರಶ್ನೆಗೆ ಈ ಏರಿಕೆಯ ಸಾಲಿನಲ್ಲಿಯೇ ಉತ್ತರವಿದೆ. ಬ್ರೇಕಿನ ಕಲ್ಪನೆ ತಡವಾಗಿ ಹೊಳೆಯಿತೆಂದಾಗಲಿ ಅದನ್ನು ಮರೆತಿದ್ದರೆಂದಾಗಲಿ ಹೇಳಲು ಆಧಾರವಿಲ್ಲ. ಮದ್ದಿನ ಪ್ರಮಾಣ ಗುಂಡಿಗೆ ಸಮೀಪಿಸುವವರೆಗೆ ಬ್ರೇಕಿಗೆ ಸಾಕಷ್ಟು ಕೆಲಸವೇ ಇರಲಿಲ್ಲ. ಇದೇ ಕಾರಣದಿಂದ ಅತಿವೇಗದ ಗುಂಡುಗಳನ್ನು ಹಾರಿಸುವ ಟ್ಯಾಂಕುನಿರೋಧಕ ಫಿರಂಗಿಗಳಲ್ಲಿಯೂ ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರೇಕು ವ್ಯಾಪಕವಾಯಿತು. ಬ್ರಿಟಿಷರ 17 ಪೌಂಡರ್ ಇದಕ್ಕೊಂದು ನಿದರ್ಶನ.

ಶೇಕಡಾ ಅಂಕಿಗಳನ್ನು ಓದುವ ಬಗೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಪೋಲಿಷ್ ರೈಫಲ್ಲಿನ ಬ್ರೇಕು ಹಿನ್ನೂಕಿನ ಶಕ್ತಿಯ ಶೇಕಡಾ 65ರಷ್ಟನ್ನು ಹೀರುತ್ತಿತ್ತೆಂದೂ, ದೆಗ್ತ್ಯಾರೊವ್ ರೈಫಲ್ಲಿನ ಬ್ರೇಕು ಮೂರರಲ್ಲಿ ಎರಡು ಪಾಲನ್ನು ಹೀರುತ್ತಿತ್ತೆಂದೂ ಆಯುಧಗಳ ವಿವರಣೆಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಇಲ್ಲಿ ಮೊದಲು ಗಮನಿಸಬೇಕಾದುದು ಅಂಕಿಯು ಶಕ್ತಿಯದೋ ಸಂವೇಗದ್ದೋ ಎಂಬುದನ್ನು. ಶಕ್ತಿಯು ಸಂವೇಗದ ವರ್ಗವನ್ನು ಅನುಸರಿಸುತ್ತದೆ. ಶಕ್ತಿ ಶೇಕಡಾ 65 ಇಳಿದರೆ ಸಂವೇಗ ಇಳಿಯುವುದು ಶೇಕಡಾ 41 ಮಾತ್ರ. ಒಂದೇ ಬ್ರೇಕನ್ನು ಒಬ್ಬನು 65 ಎಂದೂ ಇನ್ನೊಬ್ಬನು 41 ಎಂದೂ ವರ್ಣಿಸಿದರೆ ಇಬ್ಬರೂ ನಿಜವನ್ನೇ ಹೇಳಿದಂತಾಗುತ್ತದೆ.

ಎರಡನೆಯದಾಗಿ, ಬ್ರೇಕಿನ ಗುಣಕ್ಕೂ ತೋಟೆಯ ಗುಣಕ್ಕೂ ಇರುವ ಭೇದವನ್ನು ಕಾಣಬೇಕು. ಅನಿಲದ ಮುನ್ನಡೆಯನ್ನು ಪೂರ್ಣವಾಗಿ ನಿಲ್ಲಿಸುವ ಮೇಲೆ ಹೇಳಿದ ಕಾಲ್ಪನಿಕ ಬ್ರೇಕನ್ನೇ ಮೂರು ರೈಫಲ್ಲುಗಳಿಗೂ ತೊಡಿಸೋಣ. .303ರಲ್ಲಿ ಶಕ್ತಿಯು 17 ಜೂಲಿನಿಂದ ಸುಮಾರು 9ಕ್ಕೆ ಇಳಿಯುತ್ತದೆ. ಉಳಿತಾಯ ಶೇಕಡಾ 49. ಮೌಸರಿನಲ್ಲಿ 95 ಜೂಲಿನಿಂದ ಸುಮಾರು 45ಕ್ಕೆ ಇಳಿಯುತ್ತದೆ. ಉಳಿತಾಯ ಶೇಕಡಾ 53ರ ಹತ್ತಿರ. ದೆಗ್ತ್ಯಾರೊವಿನಲ್ಲಿ ಗುಂಡಿನ ಪಾಲು 64.8, ಅನಿಲದ ಪಾಲು 42, ಒಟ್ಟು 106.8, ಶಕ್ತಿಯು 330 ಜೂಲಿನಿಂದ ಸುಮಾರು 121ಕ್ಕೆ ಇಳಿಯುತ್ತದೆ, ಉಳಿತಾಯ ಶೇಕಡಾ 63. ಬ್ರೇಕು ಒಂದೇ, ಅದರ ಸಾಮರ್ಥ್ಯವೂ ಒಂದೇ; ಆದರೆ ಅಂಕಿಗಳು 49, 53, 63. ಅಂಕಿಗಳನ್ನು ಮಾತ್ರ ಕಂಡವನು ಮೂರನೆಯ ಬ್ರೇಕು ಉಳಿದೆರಡಕ್ಕಿಂತ ಶ್ರೇಷ್ಠವೆಂದು ತೀರ್ಮಾನಿಸುವುದು ಸಹಜ. ಅವನು ನಿಜವಾಗಿ ತೂಗಿರುವುದು ಮಾತ್ರ ತೋಟೆಗಳನ್ನು.

ಇದೇ ಲೆಕ್ಕವು ದೆಗ್ತ್ಯಾರೊವಿನ ಕುರಿತಾದ ಹೇಳಿಕೆಯನ್ನು ಪರೀಕ್ಷಿಸಲೂ ನೆರವಾಗುತ್ತದೆ. ಅನಿಲವನ್ನು ಪೂರ್ಣವಾಗಿ ಪಕ್ಕಕ್ಕೆ ತಿರುಗಿಸಿದರೂ ಸಿಗುವುದು ಶೇಕಡಾ 63 ಆಗಿರುವಾಗ, ಮೂರರಲ್ಲಿ ಎರಡು ಪಾಲು ಎಂಬ ಹೇಳಿಕೆ ನಿಜವಾಗಬೇಕಾದರೆ ಅನಿಲದ ಒಂದಂಶವಾದರೂ ಹಿಂದಕ್ಕೆ ತಿರುಗಿರಬೇಕು. ಇಲ್ಲವೆ, ನಳಿಗೆಯು ಹಿಂದಕ್ಕೆ ಜಾರಿ ಸ್ಪ್ರಿಂಗನ್ನು ಅಮುಕುವುದರಿಂದ ಹೆಗಲಿಗೆ ದೊರೆಯುವ ಸಮಾಧಾನವನ್ನೂ ಬ್ರೇಕಿನ ಲೆಕ್ಕಕ್ಕೇ ಬರೆದಿರಬೇಕು. ಈ ರೈಫಲ್ಲಿನಲ್ಲಿ ಎರಡು ಉಪಾಯಗಳೂ ಒಟ್ಟಿಗೆ ಇದ್ದುದರಿಂದ ಅವುಗಳ ಫಲವನ್ನು ಬೇರ್ಪಡಿಸದೆ ಹೇಳಿದ ಅಂಕಿಯನ್ನು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕು.

ಮೂರನೆಯದಾಗಿ ತೂಕದ ಮಾತು. ಬ್ರೇಕೂ ಲೋಹದ್ದೇ ಆದುದರಿಂದ ಅದನ್ನು ತೊಡಿಸಿದ ಮಾತ್ರಕ್ಕೆ ಆಯುಧ ಭಾರವಾಗುತ್ತದೆ. 4 ಕಿಲೋಗ್ರಾಮಿನ ರೈಫಲ್ಲಿಗೆ 200 ಗ್ರಾಮಿನ ಬರಿಯ ಕಬ್ಬಿಣದ ಬಳೆಯನ್ನು ತೊಡಿಸಿದರೂ ಹಿನ್ನೂಕಿನ ಶಕ್ತಿ ಶೇಕಡಾ 5ರಷ್ಟು ಇಳಿಯುತ್ತದೆ. ನ್ಯಾಯವಾದ ಹೋಲಿಕೆಯಲ್ಲಿ, ಬ್ರೇಕಿಲ್ಲದ ಪರೀಕ್ಷೆಯನ್ನು ನಡೆಸುವಾಗ ಅಷ್ಟೇ ತೂಕದ, ರಂಧ್ರವಿಲ್ಲದ ಬಳೆಯೊಂದು ನಳಿಗೆಯ ಮೇಲಿರಬೇಕು. ನಾಲ್ಕನೆಯದಾಗಿ, ಅಳೆಯುವಾಗ ಬಂದೂಕನ್ನು ಹೆಗಲಿಗೆ ಆನಿಸಬಾರದು. ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಕಾಲ. ಹೆಗಲು ನೂಕನ್ನು ಅನುಭವಿಸುವ ಕಾಲ ಇದರ ಹಲವು ಪಟ್ಟು. ಆ ಅವಧಿಯಲ್ಲಿ ಆಳಿನ ಮೈತೂಕ, ನಿಲುವು, ಬಿಗಿತಗಳೆಲ್ಲವೂ ಅಳತೆಯೊಳಗೆ ಬೆರೆತುಹೋಗುತ್ತವೆ. ಮುಕ್ತವಾಗಿ ತೂಗುಹಾಕಿದ ಬಂದೂಕಿನ ತೂಗಾಟವನ್ನು ನೋಡುವ ರಾಬಿನ್ಸನ ಕ್ರಮವೇ, ಉಪಕರಣಗಳು ಎಷ್ಟೇ ಸೂಕ್ಷ್ಮವಾಗಿದ್ದರೂ, ತತ್ತ್ವತಃ ಇಂದಿಗೂ ಸರಿಯಾದುದು.

ತೆತ್ತ ಬೆಲೆ

ಅಂಕಿಗಳ ಸಾಲಿನಲ್ಲಿ ಬಹುವೇಳೆ ಬಿಟ್ಟುಹೋಗುವ ಇನ್ನೊಂದು ಕಲಮುಂಟು. ಮುಂದಕ್ಕೆ ಹೋಗಬೇಕಾಗಿದ್ದ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿದಾಗ ಅದರ ಸದ್ದೂ ಬಡಿತವೂ ಅದೇ ದಿಕ್ಕಿಗೆ ತಿರುಗುತ್ತವೆ. ಸಿಡಿತದ ಸದ್ದು 140 ಡೆಸಿಬೆಲ್ಲನ್ನು ಮೀರಿದರೆ ಕಿವಿಗೆ ಅಪಾಯವೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಮಿತಿ. ಸೈನಿಕ ರೈಫಲ್ಲಿನ ಸದ್ದು ಬ್ರೇಕಿಲ್ಲದಿರುವಾಗಲೇ ಈ ಮಿತಿಯನ್ನು ದಾಟುತ್ತದೆ. ಬ್ರೇಕು ತೊಡಿಸಿದಾಗ ಹಾರಿಸುವವನ ಕಿವಿಗೂ, ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಮಲಗಿರುವ ಸಂಗಡಿಗನ ಕಿವಿಗೂ, ಅದು ಮತ್ತಷ್ಟು ಹತ್ತಿರವಾಗುತ್ತದೆ. ನೆಲಕ್ಕೆ ಅಂಟಿ ಹಾರಿಸುವಾಗ ಎದ್ದ ಧೂಳು ಅಡಗುದಾಣವನ್ನು ಶತ್ರುವಿಗೆ ತೋರಿಸಿಕೊಡುತ್ತದೆ. ಬಾಣದ ಗುಣವನ್ನು ಬಂದೂಕಿಗೆ ಪೂರ್ಣವಾಗಿ ತಂದ ಹಿನ್ನೂಕುರಹಿತ ಫಿರಂಗಿಗಳಲ್ಲಿ ಈ ದೋಷ ಪರಾಕಾಷ್ಠೆಗೆ ಮುಟ್ಟಿ, ಅವುಗಳ ಹಿಂದುಗಡೆ ನಿಲ್ಲುವುದೇ ಪ್ರಾಣಾಪಾಯವೆನಿಸಿತು. ಹೆಗಲಿಗೆ ಉಳಿಸಿದ್ದನ್ನು ಕಿವಿಯಿಂದ ವಸೂಲು ಮಾಡಿದಂತಾಯಿತು.

ಮದ್ದಿನ ಪ್ರಮಾಣದ ತತ್ತ್ವವು ಯುದ್ಧಾನಂತರದ ಆಯುಧಗಳಲ್ಲಿಯೂ ಸಮರ್ಥನೆ ಪಡೆಯುತ್ತದೆ. 1974ರಲ್ಲಿ ರಷ್ಯ ಸ್ವೀಕರಿಸಿದ ಕಲಾಶ್ನಿಕೊವ್ ರೈಫಲ್ಲಿನ ಹೊಸ ಮಾದರಿಯಲ್ಲಿ 5.45 ಮಿಲಿಮೀಟರಿನ ಹಗುರವಾದ, ವೇಗವಾದ ಗುಂಡಿನೊಂದಿಗೆ ಎರಡು ಕೋಣೆಗಳ ಬ್ರೇಕು ಬಂದಿತು. ಅಮೆರಿಕದಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದ ಬ್ಯಾರೆಟ್ 12.7 ಮಿಲಿಮೀಟರ್ ರೈಫಲ್ಲು ಬಾಣದ ತುದಿಯಂತೆ ಕಾಣುವ ದೊಡ್ಡ ಬ್ರೇಕನ್ನೂ ಹಿಂದಕ್ಕೆ ಜಾರುವ ನಳಿಗೆಯನ್ನೂ ಕೂಡಿಸಿಕೊಂಡಿತು. ಟ್ಯಾಂಕಿನ ಉಕ್ಕು ದಪ್ಪವಾಗಿ ಟ್ಯಾಂಕುನಿರೋಧಕ ರೈಫಲ್ಲುಗಳ ಕಾಲ ಮುಗಿದ ಮೇಲೂ ಅವುಗಳಿಗಾಗಿ ಬಲಿತ ಉಪಾಯಗಳು ಉಳಿದು ಬಂದುದಕ್ಕೆ ಇದು ಸಾಕ್ಷಿ.

ಮೇಲಿನ ವಿವೇಚನೆಯ ಸಾರಾಂಶ ಇಷ್ಟು. ಮಝಲ್ ಬ್ರೇಕಿನ ಫಲವನ್ನು ಮೊದಲಿಗೆ ನಿಶ್ಚಯಿಸುವುದು ತೋಟೆಯಲ್ಲಿ ಗುಂಡಿಗೂ ಮದ್ದಿಗೂ ಇರುವ ತೂಕದ ಪ್ರಮಾಣ. ಬ್ರೇಕಿನ ಆಕಾರವು ಆ ಮಿತಿಯೊಳಗೆ ಮಾತ್ರ ಹೆಚ್ಚುಕಡಿಮೆ ಮಾಡಬಲ್ಲದು. ಅದು ರೈಫಲ್ಲಿಗೆ ತಡವಾಗಿ ಬಂದುದಕ್ಕೂ, ಬೇರೆ ಬೇರೆ ರೈಫಲ್ಲುಗಳ ಶೇಕಡಾ ಅಂಕಿಗಳನ್ನು ನೇರವಾಗಿ ಹೋಲಿಸಬಾರದೆಂಬುದಕ್ಕೂ ಇದೊಂದೇ ಕಾರಣ. ಆದುದರಿಂದ ಎರಡು ಬ್ರೇಕುಗಳನ್ನು ಹೋಲಿಸುವವರು ಒಂದೇ ರೈಫಲ್ಲಿನಲ್ಲಿ, ಒಂದೇ ತೋಟೆಯಿಂದ, ತೂಕವನ್ನು ಸಮಮಾಡಿ, ಮುಕ್ತವಾಗಿ ತೂಗುಹಾಕಿ ಪರೀಕ್ಷಿಸಬೇಕು. ಫಲವನ್ನು ಸಂವೇಗದಲ್ಲಿ ಹೇಳಿದ್ದಾರೋ ಶಕ್ತಿಯಲ್ಲಿ ಹೇಳಿದ್ದಾರೋ ಎಂಬುದನ್ನು ಸ್ಪಷ್ಟಪಡಿಸಬೇಕು. ಹಾರಿಸುವವನ ಕಿವಿಯ ಬಳಿ ಅಳೆದ ಸದ್ದನ್ನೂ ಅದರ ಪಕ್ಕದಲ್ಲಿಯೇ ನಮೂದಿಸಬೇಕು. ಇವುಗಳಲ್ಲಿ ಒಂದನ್ನು ಬಿಟ್ಟ ಅಂಕಿಯು ಪ್ರಚಾರಕ್ಕೆ ಒದಗಬಹುದು; ಇತಿಹಾಸಕಾರನು ಅದನ್ನು ಆಧಾರವಾಗಿ ಬಳಸಲಾಗದು.